ಒಳ್ಳೇ ಮ್ಯುಟೇಶನ್ನೂ ಸುಮ್ನೆ ಸತ್ತೋಗತ್ತೆ

ಮೊನ್ನೆ ರಾತ್ರಿ ಕೂತ್ಕೊಂಡು ಒಂದು ಸಣ್ಣ ಸಿಮ್ಯುಲೇಶನ್ ಬರೆದೆ, 1000 ಜೀವಿಗಳು, ಎಲ್ಲಾ ಒಂದೇ ಥರ, ಅದ್ರಲ್ಲಿ ಒಂದಕ್ಕೆ ಮಾತ್ರ 1% ಜಾಸ್ತಿ ಮರಿ ಹಾಕೋ ಮ್ಯುಟೇಶನ್ (ಜೀನಲ್ಲಿ ಆಗೋ ಬದಲಾವಣೆ) ಕೊಟ್ಟೆ, ನಿಧಾನಕ್ಕಾದ್ರೂ ಅದೇ ಗೆಲ್ಲತ್ತೆ ಅಂದ್ಕೊಂಡು ರನ್ ಮಾಡಿದ್ರೆ ಮೂರನೇ ತಲೆಮಾರಿಗೇ ಮಾಯ! ಮತ್ತೆ ರನ್ ಮಾಡ್ದೆ, ಮತ್ತೆ ಮಾಯ. ಕೋಡಲ್ಲಿ ಬಗ್ ಇದೆ ಅಂತ ಒಂದು ಗಂಟೆ ತಲೆ ಕೆರ್ಕೊಂಡೆ. ಬಗ್ ಇದ್ದಿದ್ದು ನನ್ ತಲೇಲಿ.

ಜೆನೆಟಿಕ್ಸ್ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1927ರಲ್ಲೇ ಲೆಕ್ಕ ಹಾಕಿಟ್ಟಿದ್ದಾರೆ, ಇಂಥಾ ಮ್ಯುಟೇಶನ್ ಉಳಿಯೋ ಚಾನ್ಸ್ ಹೆಚ್ಚುಕಮ್ಮಿ ಅದ್ರ ಲಾಭದ ಎರಡರಷ್ಟು, ಅಂದ್ರೆ ಬರೀ 2%. ಒಂಟಿ ಜೀವಿಗೆ ಸರಾಸರಿ 1.01 ಮರಿ ಅಂದ್ರೂ, ಪಾಯ್ಸಾನ್ ಲೆಕ್ಕದಲ್ಲಿ (ಸರಾಸರಿ ಗೊತ್ತಿದ್ರೆ 0, 1, 2 ಮರಿ ಆಗೋ ಸಾಧ್ಯತೆ ಎಷ್ಟೆಷ್ಟು ಅಂತ ಹೇಳೋ ಸೂತ್ರ) ಒಂದೂ ಮರಿ ಇಲ್ದೇ ಹೋಗೋ ಸಾಧ್ಯತೆನೇ ಸುಮಾರು 36%! ಮೊದಲ ಸುತ್ತಲ್ಲೇ ಮೂರಕ್ಕೊಂದು ಔಟ್. ಹೆಂಗೋ ಪಾರಾಗಿ ಒಂದಿನ್ನೂರು ಕಾಪಿ ಆಗ್ಬಿಟ್ರೆ ಆಮೇಲೆ ಅದನ್ನ ಹಿಡಿಯೋರೇ ಇಲ್ಲ.

ಪಠ್ಯಪುಸ್ತಕದಲ್ಲಿ ನುಣ್ಣಗೆ ಮೇಲೇರೋ ಗ್ರಾಫ್ ತೋರಿಸ್ತಾರಲ್ಲ, ಅದು ಗೆದ್ದವರ ಕಥೆ ಅಷ್ಟೇ (ನಂಗಂತೂ ಸ್ವಲ್ಪ ಮೋಸ ಅನ್ಸತ್ತೆ). ಹಂಗಂತ ನಿಸರ್ಗದ ಆಯ್ಕೆ (ನ್ಯಾಚುರಲ್ ಸೆಲೆಕ್ಷನ್) ಏನೂ ಮಾಡಲ್ಲ ಅಂತಲ್ಲ, ಯಾವ ಲಾಭನೂ ಇಲ್ಲದ ಮ್ಯುಟೇಶನ್‌ಗೆ ಇಲ್ಲಿ ಸಾವಿರಕ್ಕೊಂದು ಚಾನ್ಸ್, ಇದಕ್ಕೆ ಅದ್ರ ಇಪ್ಪತ್ತರಷ್ಟು. ಆಮೇಲೆ 10,000 ಸಲ ಓಡಿಸ್ದೆ, 203 ಸಲ ಗೆದ್ದಿತ್ತು.