ಬೆಳೆಯುವ ಹಂದಿಗೆ ಸೊಪ್ಪು: ಹಸಿ ತೂಕ ನೋಡಿ ಹಿಂಡಿ ಕಡಿಮೆ ಮಾಡಬೇಡಿ

ಹಂದಿ ಫಾರಂನಲ್ಲಿ ಫೀಡ್ ಖರ್ಚು ಇಳಿಸಬೇಕು ಅಂದ ಕೂಡಲೇ ಎಲ್ಲರ ಕಣ್ಣು ಬೀಳುವುದು ಸೋಯಾ ಹಿಂಡಿಯ ಮೇಲೆ. ನೀರಿನ ಮೇಲೆ ತೇಲಿ ಬೆಳೆಯುವ ಅಜೋಲ್ಲಾ ಸೊಪ್ಪನ್ನು ತೋರಿಸಿ, ‘ಅಜೋಲ್ಲಾದಲ್ಲಿ ಶೇ. 25 ಪ್ರೋಟೀನ್ ಇದೆ, ದಿನಾ ಎರಡು ಕೆ.ಜಿ. ಹಾಕಿದರೆ ಹಿಂಡಿಯೇ ಬೇಡ’ ಅನ್ನುವವರಿದ್ದಾರೆ. ಆ ಶೇ. 25 ಒಣ ಅಜೋಲ್ಲಾದ ಲೆಕ್ಕ. ತೊಟ್ಟಿಯಿಂದ ಎತ್ತಿದ ಹಸಿ ಅಜೋಲ್ಲಾದಲ್ಲಿ ಶೇ. 93–94 ಬರೀ ನೀರು. ಎರಡು ಕೆ.ಜಿ.ಯಲ್ಲಿ ಪ್ರೋಟೀನ್ ಹೆಚ್ಚೆಂದರೆ 35 ಗ್ರಾಂ ಸಿಕ್ಕೀತು. 80 ಗ್ರಾಂ ಸೋಯಾ ಹಿಂಡಿಯಲ್ಲೇ ಅಷ್ಟಿರುತ್ತದೆ. 30 ಕೆ.ಜಿ. ತೂಕದ ಹಂದಿ ದಿನಕ್ಕೆ ತಿನ್ನುವುದು ಒಂದೂವರೆ ಕೆ.ಜಿ. ಆಸುಪಾಸು. ಹೊಟ್ಟೆ ನೀರುಸೊಪ್ಪಿನಿಂದಲೇ ತುಂಬಿದರೆ ಫೀಡ್ ತೊಟ್ಟಿಯಲ್ಲೇ ಉಳಿಯುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ.

ನನ್ನನ್ನು ಕೇಳಿದರೆ ನಮ್ಮ ಕಡೆ ಸುಲಭಕ್ಕೆ ಸಿಗುವುದರಲ್ಲಿ ಒಣಗಿಸಿದ ನುಗ್ಗೆ ಸೊಪ್ಪೇ ವಾಸಿ. ದಂಟು ತೆಗೆದು ಎಲೆಯನ್ನಷ್ಟೇ ನೆರಳಲ್ಲಿ ತೆಳ್ಳಗೆ ಹರಡಿ, ದಿನಕ್ಕೆರಡು ಸಲ ಮಗುಚಬೇಕು. ಮುಷ್ಟಿಯಲ್ಲಿ ಹಿಸುಕಿದರೆ ಚರಚರ ಅಂತ ಪುಡಿಯಾಗಬೇಕು; ಮಡಚಿಕೊಂಡರೆ ಇನ್ನೂ ಹಸಿ ಇದೆ ಅಂತಲೇ ಅರ್ಥ, ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ನಾಲ್ಕೈದು ಕೆ.ಜಿ. ಹಸಿ ಎಲೆಗೆ ಒಂದು ಕೆ.ಜಿ. ಪುಡಿ ಬರುತ್ತದೆ.

ಸಾಮಾನ್ಯವಾಗಿ 100 ಕೆ.ಜಿ. ಗ್ರೋವರ್ ಫೀಡ್‌ಗೆ (ಬೆಳೆಯುವ ಹಂದಿಯ ಫೀಡ್) ಮೆಕ್ಕೆಜೋಳ 60, ಸೋಯಾ ಹಿಂಡಿ 22, ಗೋಧಿ ಬೂಸಾ 15, ಖನಿಜ ಮಿಶ್ರಣ 2.5, ಉಪ್ಪು ಅರ್ಧ ಕೆ.ಜಿ. ಹಾಕಿದರೆ ಪ್ರೋಟೀನ್ ಸುಮಾರು ಶೇ. 17.5 ಬರುತ್ತದೆ. ಇದಕ್ಕೆ 5 ಕೆ.ಜಿ. ನುಗ್ಗೆ ಪುಡಿ ಸೇರಿಸುವಾಗ ಬೂಸಾದಲ್ಲಿ 3, ಹಿಂಡಿಯಲ್ಲಿ 2 ಕೆ.ಜಿ. ಕಡಿಮೆ ಮಾಡಿ. ಪ್ರೋಟೀನ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ನಾರಿನಂಶವೂ ಏರುವುದಿಲ್ಲ. ಐದಕ್ಕೆ ಐದನ್ನೂ ಹಿಂಡಿಯಲ್ಲೇ ಕಡಿದರೆ ಪ್ರೋಟೀನ್ ಶೇ. 16.5ಕ್ಕೆ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ಪ್ರೋಟೀನ್‌ನ ಒಂದು ಘಟಕವಾದ ಲೈಸಿನ್‌ನದು: ನುಗ್ಗೆ ಪುಡಿಯಲ್ಲಿ ಅದು ಸೋಯಾದ ಅರ್ಧದಷ್ಟೂ ಇಲ್ಲ, ಮಾಂಸ ಕಟ್ಟುವ ವಯಸ್ಸಿನಲ್ಲಿ ಮೊದಲು ಕೊರತೆಯಾಗುವುದೂ ಅದೇ. ಮೆಕ್ಕೆಜೋಳಕ್ಕಂತೂ ಕೈ ಹಾಕಲೇಬೇಡಿ, ಶಕ್ತಿ ಬರುವುದೇ ಅಲ್ಲಿಂದ.

ಪುಡಿಯನ್ನು ಮೊದಲು ಬೂಸಾದಲ್ಲಿ ಬೆರೆಸಿ, ಆಮೇಲೆ ಉಳಿದದ್ದಕ್ಕೆ ಸೇರಿಸಿ. ಒಣ ಪುಡಿ ಹಾರಿದರೆ ಹಂದಿ ಕೆಮ್ಮುತ್ತದೆ, ಮೂತಿ ತಿರುಗಿಸುತ್ತದೆ. ಕೊಡುವಾಗ ಒಂದಿಷ್ಟು ನೀರು ಚಿಮುಕಿಸಿ. ಮೊದಲ ದಿನವೇ 5 ಬೇಡ. ಒಂದು ಕೆ.ಜಿ.ಯಿಂದ ಶುರುಮಾಡಿ ವಾರ ಹತ್ತು ದಿನದಲ್ಲಿ ಏರಿಸಿ.

ಎಲ್ಲ ಸೊಪ್ಪೂ ಹೀಗಲ್ಲ. ಸುಬಾಬುಲ್‌ನಲ್ಲಿರುವ ಮಿಮೊಸಿನ್ ಅನ್ನುವ ವಿಷದಿಂದ ಕೂದಲು ಉದುರುತ್ತದೆ. ಮರಗೆಣಸಿನ ಹಸಿ ಎಲೆಯಲ್ಲಿ ಸಯನೈಡ್ ಅಂಶವಿದೆ, ಕತ್ತರಿಸಿ ಬಿಸಿಲಲ್ಲಿ ಚೆನ್ನಾಗಿ ಒಣಗಿಸದೆ ಕೊಡಬಾರದು. ಕೆಸುವನ್ನು ಬೇಯಿಸಿಯೇ ಹಾಕಿ, ಇಲ್ಲದಿದ್ದರೆ ಆಕ್ಸಲೇಟ್ ಹರಳು ಬಾಯಿ ಗಂಟಲು ಕೆರೆಯುತ್ತದೆ. ಹತ್ತಿಬೀಜದ ಹಿಂಡಿಯಲ್ಲಿ ಗಾಸಿಪಾಲ್ ಅನ್ನುವ ವಿಷ ಇರುವುದರಿಂದ ಹಂದಿಗೆ ಅದು ಬೇಡವೇ ಬೇಡ. ಮಳೆಗಾಲದಲ್ಲಿ ಬೂಷ್ಟು ವಾಸನೆ ಬರುವ ಶೇಂಗಾ ಹಿಂಡಿಯನ್ನು ಅಗ್ಗ ಅಂತ ತರಬೇಡಿ, ಬೂಷ್ಟಿನ ವಿಷವಾದ ಅಫ್ಲಟಾಕ್ಸಿನ್ ಲಿವರ್ ಕೆಡಿಸುತ್ತದೆ.

ಫಲ ಕಂಡಿದೆಯೇ ಅಂತ ತೂಕ ನೋಡಿಯೇ ಹೇಳಬೇಕು. ತಕ್ಕಡಿ ಇಲ್ಲದಿದ್ದರೆ ಟೇಪು ಸಾಕು. ಮುಂಗಾಲ ಹಿಂದೆ ಎದೆಸುತ್ತಳತೆ, ಎರಡು ಕಿವಿಗಳ ನಡುವಿನಿಂದ ಬಾಲದ ಬುಡದವರೆಗೆ ಉದ್ದ, ಎರಡನ್ನೂ ಮೀಟರ್‌ನಲ್ಲಿ ಅಳೆಯಿರಿ. ಸುತ್ತಳತೆ × ಸುತ್ತಳತೆ × ಉದ್ದ × 69.3 ಮಾಡಿದರೆ ಅಂದಾಜು ತೂಕ ಕೆ.ಜಿ.ಯಲ್ಲಿ ಬರುತ್ತದೆ. ಎರಡೂ 0.75 ಮೀಟರ್ ಇದ್ದರೆ ಸುಮಾರು 29 ಕೆ.ಜಿ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಫೀಡ್ ಹಾಕುವ ಮೊದಲೇ ಅಳೆಯಿರಿ. ಒಂದು ಗೂಡಿಗೆ ಹಳೆಯ ಫೀಡನ್ನೇ ಮುಂದುವರಿಸಿ, ನುಗ್ಗೆ ತಿನ್ನುವ ಪಕ್ಕದ ಗೂಡಿನ ತೂಕ ಅದಕ್ಕಿಂತ ಹಿಂದೆ ಬಿದ್ದರೆ ನುಗ್ಗೆಯನ್ನು 3 ಕೆ.ಜಿ.ಗೆ ಇಳಿಸಿ, ತೆಗೆದ 2 ಕೆ.ಜಿ. ಹಿಂಡಿಯನ್ನು ವಾಪಸ್ ಹಾಕಿ.