ನನ್ನ ಮೇಜಿನ ಮೇಲೆ ಇನ್ನೂ 2012

ಹಾಸನ, ಬುಧವಾರ, 15 ಅಕ್ಟೋಬರ್ 2025
(ಅಂಗಡಿಯ ಕಂಪ್ಯೂಟರಿನ ಪ್ರಕಾರ: ಭಾನುವಾರ, 1 ಜನವರಿ 2012)

ಬೆಳಿಗ್ಗೆ ಒಂಬತ್ತೂಕಾಲಿಗೆ ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಮೂವರು ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಿವು. ಊರಿನ ಅರ್ಧ ರಸ್ತೆಗಳು ಬ್ಯಾರಿಕೇಡಿನ ಹಿಂದೆ, ಉಳಿದರ್ಧದಲ್ಲಿ ಪರಊರಿನ ಬಸ್ಸುಗಳು. ಕೋರ್ಟು, ಕಂದಾಯ ಎಂದು ಕೆಲಸ ಇಟ್ಟುಕೊಂಡವರು ಜನ ತುಂಬುವ ಮೊದಲೇ ಬಂದು ಹೋಗಲು ನೋಡುತ್ತಾರೆ. ನನ್ನದು ಜೆರಾಕ್ಸ್, ಡಿಟಿಪಿ, ಅಫಿಡವಿಟ್, ಕರಾರು ಪತ್ರ, ಪಹಣಿ, ಆನ್‌ಲೈನ್ ಅರ್ಜಿ ಎಂದೆಲ್ಲ ಬೋರ್ಡಿನಲ್ಲಿ ಬರೆಸಿಕೊಂಡಿರುವ ಹತ್ತಡಿ ಅಗಲದ ಅಂಗಡಿ. ಬೋರ್ಡಿನಲ್ಲಿರುವುದಷ್ಟೂ ಒಂದೇ ಒಂದು ಹಳೆಯ ಕಂಪ್ಯೂಟರಿನ ಬೆನ್ನ ಮೇಲೆ ಕುಳಿತಿದೆ.

ಸ್ವಿಚ್ ಹಾಕಿದೆ. ಕಪ್ಪು ಪರದೆಯ ಮೇಲೆ ಎರಡು ಸಾಲು ಇಂಗ್ಲಿಷ್ ಮೂಡಿತು. ಕೊನೆಯಲ್ಲಿ, ಮುಂದುವರಿಯಲು ಎಫ್1 ಒತ್ತಿ ಎಂದಿತ್ತು. ಒತ್ತಿದೆ. ಹದಿನೈದು ದಿನಗಳಿಂದ ಇದು ಬರುತ್ತಿದೆ, ಹದಿನೈದು ದಿನಗಳಿಂದ ಒತ್ತುತ್ತಿದ್ದೇನೆ. ಮೇಲಿನ ಸಾಲಿನಲ್ಲಿ ಏನಿದೆ ಎಂದು ಒಮ್ಮೆಯೂ ಓದಿರಲಿಲ್ಲ. ಅಫಿಡವಿಟ್ ಓದದೆ ಸಹಿ ಹಾಕಲು ಹೊರಟವರ ಕೈ ಹಿಡಿದು, ‘ಒಂದು ಸಲ ಓದಿ ನೋಡಿ’ ಎಂದು ದಿನಕ್ಕೆ ಹತ್ತು ಬಾರಿ ಹೇಳುವವಳು ನಾನು.

ಮೊದಲ ಸರದಿ ಶಾಂತಿಗ್ರಾಮದ ಕಡೆಯ ಗೌಡರೊಬ್ಬರದು. ಸೊಸೈಟಿಯ ಸಾಲಕ್ಕೆ ಪಹಣಿ ಬೇಕಿತ್ತು. ಪುಟ ತೆರೆಯಲಿಲ್ಲ, ಚಕ್ರ ತಿರುಗುತ್ತಲೇ ಇತ್ತು. ಇಂಟರ್‌ನೆಟ್ ಲೈನಿನ ಹುಡುಗನಿಗೆ ಫೋನ್ ಮಾಡಿದೆ. ‘ಅಕ್ಕ, ನಮ್ಮ ಕಡೆ ಎಲ್ಲ ಸರಿಯಾಗಿದೆ. ನಿಮ್ಮ ಮೋಡೆಮ್ ಒಂದು ಸಲ ಆರಿಸಿ ಹಾಕಿ’ ಎಂದ. ಆರಿಸಿ ಹಾಕುವುದು ಈ ಕಾಲದ ತ್ರಿಫಲ ಚೂರ್ಣ. ಯಾವ ಕಾಯಿಲೆಗಾದರೂ ಮೊದಲು ಅದನ್ನೇ ಕೊಡುತ್ತಾರೆ. ಮೋಡೆಮ್ಮಿಗೂ ಕೊಟ್ಟೆ, ಕಂಪ್ಯೂಟರಿಗೂ ಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಚಕ್ರ ಹೋಗಿ ಒಂದು ಕೆಂಪು ತ್ರಿಕೋನ ಬಂತು, ಅದರ ಕೆಳಗೆ ಮತ್ತೆ ನಾಲ್ಕು ಸಾಲು ಇಂಗ್ಲಿಷ್. ಮುಚ್ಚಿದೆ. ಮತ್ತೆ ತೆರೆದೆ, ಮತ್ತೆ ತ್ರಿಕೋನ. ಹುಡುಗನಿಗೆ ಎರಡನೆಯ ಸಲ ಫೋನ್ ಮಾಡಿ, ‘ತಿಂಗಳ ದುಡ್ಡು ಎಣಿಸಿಕೊಳ್ಳುವ ದಿನ ಮಾತ್ರ ನಿಮ್ಮ ಲೈನ್ ಸರಿಯಾಗಿರುತ್ತದೆ’ ಎಂದು ಶುರುಮಾಡಿ ಬರೆಯಲಾಗದ ಇನ್ನೂ ಕೆಲವು ಮಾತು ಆಡಿದೆ.

ಗೌಡರು ಬೆಂಚಿನ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ‘ಆಲೂಗಡ್ಡೆಗೆ ಅಂಗಮಾರಿ ಬಂದರೆ ಎಲೆ ನೋಡಿದರೆ ತಿಳಿಯುತ್ತದೆ ತಾಯಿ. ಇದಕ್ಕೆ ಎಲೆಯೇ ಇಲ್ಲವಲ್ಲ’ ಎಂದರು. ಅವರು ಆಲೂಗಡ್ಡೆ ಬಿಟ್ಟು ಜೋಳಕ್ಕೆ ಇಳಿದು ಎಷ್ಟೋ ವರ್ಷಗಳಾಗಿವೆಯಂತೆ. ಆದರೂ ಉಪಮೆಗೆ ಆಲೂಗಡ್ಡೆಯೇ ಬೇಕು.

ಇಂಟರ್‌ನೆಟ್ ಬೇಡದ ಕೆಲಸವನ್ನಾದರೂ ಮುಗಿಸೋಣವೆಂದು ಉಳಿದಿಬ್ಬರನ್ನು ಕರೆದೆ. ಒಬ್ಬರು ಮನೆಯ ಮಾಲೀಕರು, ಇನ್ನೊಬ್ಬ ಬಾಡಿಗೆಗೆ ಬರುವ ಹುಡುಗ. ಬಾಡಿಗೆ ಕರಾರಿನ ಮಾದರಿ ನನ್ನಲ್ಲಿ ಸಿದ್ಧವಿರುತ್ತದೆ. ಹೆಸರು, ವಿಳಾಸ, ಮುಂಗಡ, ಬಾಡಿಗೆ ತುಂಬಿದರೆ ಸಾಕು, ತಾರೀಖನ್ನು ಕಂಪ್ಯೂಟರ್ ತಾನೇ ಹಾಕಿಕೊಳ್ಳುತ್ತದೆ. ಆ ಸೌಲಭ್ಯವನ್ನು ಕಂಡುಕೊಂಡ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಬಾಂಡ್ ಪೇಪರ್ ಹಾಕಿ ಮುದ್ರಿಸಿ ಕೊಟ್ಟೆ. ಮಾಲೀಕರು ಓದದೆ ಪೆನ್ ತೆಗೆದರು. ಹುಡುಗ ಓದಿದ. ಓದಿ ನಕ್ಕ.

‘ಮೇಡಂ, 2012ನೇ ಇಸವಿ ಜನವರಿ ಒಂದರಿಂದ ಎಂದು ಬಂದಿದೆ. 2012ರ ಬಾಡಿಗೆಯನ್ನೇ ಹಾಕುವುದಾದರೆ ನಾನು ಈಗಲೇ ಸಹಿ ಮಾಡುತ್ತೇನೆ.’

ಮಾಲೀಕರ ಮುಖ ನೋಡಬೇಕಿತ್ತು. ಹಾಳಾದ ಬಾಂಡಿನ ದುಡ್ಡು ನನ್ನ ಗಲ್ಲಾದಿಂದ ಹೋಯಿತು. ಆಗ ಪರದೆಯ ಬಲಮೂಲೆಗೆ ಕಣ್ಣು ಹಾಯಿಸಿದೆ. 1 ಜನವರಿ 2012.

ರಿಪೇರಿಯ ಹುಡುಗ ಬಿ.ಎಂ. ರಸ್ತೆಯಿಂದ ನಡೆದುಕೊಂಡೇ ಬರಬೇಕಾಯಿತು, ಬೈಕಿಗೆ ದಾರಿಯಿರಲಿಲ್ಲ. ಸಾಮಾನ್ಯವಾಗಿ ಅವನು ಮೆಟ್ಟಿಲು ಹತ್ತಿದ ಕೂಡಲೇ ನನ್ನ ಕಂಪ್ಯೂಟರ್ ಸಾಧುವಾಗುತ್ತದೆ, ಡಾಕ್ಟರ ಮುಂದೆ ಕೂರಿಸಿದ ಮಗುವಿನ ಜ್ವರದಂತೆ. ಇವತ್ತು ಹಾಗೆ ಮಾಡಲಿಲ್ಲ. ಅವನು ಕಪ್ಪು ಪರದೆಯ ಎರಡು ಸಾಲುಗಳನ್ನು ಓದಿದ. ಓದಿದ ಅಷ್ಟೇ, ಇನ್ನೇನೂ ಮಾಡಲಿಲ್ಲ. ಪಕ್ಕದ ತಗಡು ಬಿಚ್ಚಿ, ಧೂಳು ಊದಿ, ಮದರ್‌ಬೋರ್ಡಿನಿಂದ ಒಂದು ಬಿಲ್ಲೆಯಂಥ ಬ್ಯಾಟರಿಯನ್ನು ಸ್ಕ್ರೂಡ್ರೈವರಿನ ತುದಿಯಲ್ಲಿ ಎಬ್ಬಿಸಿದ. ಮೀಟರಿನಲ್ಲಿ ಎರಡು ವೋಲ್ಟ್ ಕೂಡ ತೋರಿಸಲಿಲ್ಲ. ಇರಬೇಕಾದದ್ದು ಮೂರು.

ಅದರ ಹೆಸರು ಸಿಆರ್2032. ಈ ಸಂಖ್ಯೆಯೇ ಅದರ ಅಳತೆಯೆಂದು ಇವತ್ತು ತಿಳಿಯಿತು: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಕರೆಂಟ್ ಇಲ್ಲದಾಗ ಕಂಪ್ಯೂಟರಿನ ಗಡಿಯಾರವನ್ನು ನಡೆಸುವುದು ಇದೊಂದೇ. ಇದು ಸತ್ತರೆ, ಕರೆಂಟ್ ಹೋದಾಗಲೆಲ್ಲ ಬೋರ್ಡ್ ತನ್ನ ಕಾರ್ಖಾನೆಯ ತಾರೀಖಿಗೆ ಮರಳುತ್ತದೆ. ನನ್ನ ಬೋರ್ಡಿನ ಮಟ್ಟಿಗೆ ಪ್ರಪಂಚ ಶುರುವಾದದ್ದು 2012ರಲ್ಲಿ.

‘ಹಾಗಾದರೆ ಪಹಣಿ ಏಕೆ ಬರಲಿಲ್ಲ?’ ಎಂದು ಕೇಳಿದೆ. ಅವನು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಪ್ರತಿಯೊಂದು ಸುರಕ್ಷಿತ ಜಾಲತಾಣವೂ ತಾನು ಅಸಲಿಯೆಂದು ತೋರಿಸಲು ಒಂದು ಪ್ರಮಾಣಪತ್ರ ಇಟ್ಟುಕೊಂಡಿರುತ್ತದೆ. ಅದರಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಎಂಬ ಅವಧಿ ಇರುತ್ತದೆ. 2025ರ ನಿಯಮದಲ್ಲಿ ಹೆಚ್ಚೆಂದರೆ 398 ದಿನ. 2012ರಲ್ಲಿ ಕುಳಿತಿರುವ ನನ್ನ ಕಂಪ್ಯೂಟರಿಗೆ 2025ರಲ್ಲಿ ಕೊಟ್ಟ ಪತ್ರ ತೋರಿಸಿದರೆ, ಇನ್ನೂ ಹುಟ್ಟದ ಮಗುವಿಗೆ ಜನನ ಪ್ರಮಾಣಪತ್ರ ತಂದವರನ್ನು ಗುಮಾಸ್ತ ನೋಡುವ ಹಾಗೆ ನೋಡುತ್ತದೆ. ತಪ್ಪೇನೂ ಅದರದಲ್ಲ. ಐದು, ಹತ್ತು ನಿಮಿಷದ ವ್ಯತ್ಯಾಸವಾದರೆ ಇಂಟರ್‌ನೆಟ್ಟಿನಲ್ಲಿ ಸಮಯ ಕೇಳಿ ತಿದ್ದಿಕೊಳ್ಳುತ್ತಿತ್ತು. ಹದಿನೈದು ದಿನ ಹಾಗೆಯೇ ತಿದ್ದಿಕೊಂಡು ಬಂದಿತ್ತೋ ಏನೋ. ಹದಿಮೂರು ವರ್ಷವನ್ನು ತಿದ್ದುವ ಎದೆಗಾರಿಕೆ ಅದಕ್ಕೆ ಬರಲಿಲ್ಲ.

ಆಮೇಲೆ ಹುಡುಗ ಕೆಂಪು ತ್ರಿಕೋನದ ಕೆಳಗಿನ ಸಾಲನ್ನು ತೋರಿಸಿದ. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು: ನಿಮ್ಮ ಗಡಿಯಾರ ಹಿಂದಿದೆ.

ಅಂದರೆ ಎಲೆ ಇತ್ತು. ಕಪ್ಪು ಪರದೆಯಲ್ಲಿ ಒಂದು, ಕೆಂಪು ತ್ರಿಕೋನದಲ್ಲಿ ಒಂದು. ಎರಡನ್ನೂ ಕಿತ್ತು ಬಿಸಾಡಿದವಳು ನಾನೇ.

ನಾಚಿಕೆಯಾಯಿತು ಎಂದು ಬರೆದುಬಿಡಬಹುದು. ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ ನಾಚಿಕೆ ಹೋಗಿ ಸಿಟ್ಟು ಬಂದಿತ್ತು. ನಾನು ಏಕೆ ಓದುವುದಿಲ್ಲ? ಈ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಯಾವುದಾದರೊಂದು ವಸ್ತು ನನ್ನನ್ನು ಎಚ್ಚರಿಸುತ್ತಲೇ ಇರುತ್ತದೆ. ಪ್ರಿಂಟರ್ ‘ಟೋನರ್ ಖಾಲಿ’ ಎನ್ನುತ್ತದೆ. ಕಾರ್ಟ್ರಿಜ್ ತೆಗೆದು ಎರಡು ಸಲ ಅಲ್ಲಾಡಿಸಿ ಹಾಕಿದರೆ ಇನ್ನೂ ನೂರು ಹಾಳೆ ಬರುತ್ತದೆ. ಪುಡಿ ಎಷ್ಟಿದೆ ಎಂದು ಅದು ನೋಡುವುದಿಲ್ಲ, ಎಷ್ಟು ಹಾಳೆ ಮುದ್ರಿಸಿದೆ ಎಂದು ಚಿಪ್ಪಿನಲ್ಲಿ ಲೆಕ್ಕ ಹಾಕಿ ಖಾಲಿ ಎಂದು ಕೂಗುತ್ತದೆ. ಚಿತ್ತಾ ಮಳೆಯ ತೇವಕ್ಕೆ ಹಾಳೆ ಮುದುರಿ ಸಿಕ್ಕಿಕೊಂಡರೆ ಅದಕ್ಕೂ ಅದೇ ಕೆಂಪು ದೀಪ. ಮೊಬೈಲಿನಲ್ಲಿ ಜಾಗವಿಲ್ಲ ಎಂಬ ಎಚ್ಚರಿಕೆ ವರ್ಷದಿಂದ ಇದೆ. ಪ್ರತಿ ಪುಟವೂ ಕುಕೀ ಬೇಕೇ ಎಂದು ಕೇಳುತ್ತದೆ, ಕೊಡುವುದು ಏನೂ ಇಲ್ಲ. ನಿನ್ನೆ, ಅಕ್ಟೋಬರ್ 14ಕ್ಕೆ, ವಿಂಡೋಸ್ 10ರ ಸಾಮಾನ್ಯ ಬೆಂಬಲದ ಅವಧಿ ಮುಗಿಯಿತು. ಅದರ ಸೂಚನೆಯೂ ಬಹಳ ದಿನಗಳಿಂದ ಬರುತ್ತಿತ್ತು. (2015ರಲ್ಲಿ ಬಂದ ವಿಂಡೋಸ್ 10, ನನ್ನ ಗಡಿಯಾರದ ಪ್ರಕಾರ ಇನ್ನೂ ಹುಟ್ಟಿಯೇ ಇಲ್ಲ. ಹಾಗಾಗಿ ಸದ್ಯಕ್ಕೆ ಆ ಚಿಂತೆಯಿಲ್ಲ.) ಮನೆಗೆ ಹೋದರೆ ಟಿವಿ. ಮೊನ್ನೆ ಅಮ್ಮ ಧಾರಾವಾಹಿಯ ಸಮಯಕ್ಕೆ ಸರಿಯಾಗಿ ಕುಳಿತರೆ ಟಿವಿ ಅಪ್‌ಡೇಟ್ ಆಗುತ್ತಿತ್ತು. ‘ಅದೇನು, ಸ್ನಾನಕ್ಕೆ ಹೋಗಿದೆಯೇ?’ ಎಂದು ಕೇಳಿದರು. ಹೆಚ್ಚುಕಡಿಮೆ ಹಾಗೆಯೇ ಎಂದೆ.

ಇಷ್ಟು ಸುಳ್ಳು ಕೂಗುಗಳ ನಡುವೆ ನಿಜವಾದ ಒಂದು ಕೂಗನ್ನು ನಾನು ಕೇಳಿಸಿಕೊಳ್ಳಲಿಲ್ಲವೆಂದರೆ ಅದರಲ್ಲಿ ನನ್ನ ಪಾಲು ಅರ್ಧ ಮಾತ್ರ.

ಅಪ್ಪನ ಟೈಪಿಂಗ್ ಇನ್‌ಸ್ಟಿಟ್ಯೂಟ್ ನೆನಪಾಯಿತು. ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟುವವರಿಗೆ ಎಂಟು ಯಂತ್ರಗಳಿದ್ದವು. ಗೋದ್ರೆಜ್‌ನವರದು ಹೆಚ್ಚು, ಆ ಕಂಪನಿ 1955ರಲ್ಲೇ ಟೈಪ್‌ರೈಟರ್ ಮಾಡಲು ಶುರುಮಾಡಿತ್ತು. ಆ ಯಂತ್ರಗಳು ಕೆಡುತ್ತಲೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಅಚ್ಚುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತಿದ್ದವು, ರಿಬ್ಬನ್ ಹರಿಯುತ್ತಿತ್ತು, ಕೊನೆಯ ಸಾಲಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಮೂರು ಕಾರ್ಬನ್ ಪ್ರತಿಗಳ ಸಮೇತ ಹಾಳೆ ಕಸದ ಬುಟ್ಟಿಗೆ. ಅಪ್ಪ ಆ ಯಂತ್ರಗಳನ್ನು ಬೈದಷ್ಟು ನಾನು ಕಂಪ್ಯೂಟರನ್ನು ಬೈದಿಲ್ಲ. ಆದರೆ ಅದರಲ್ಲಿ ಒಂದೇ ಒಂದು ಗಂಟೆ ಇತ್ತು. ಸಾಲು ಮುಗಿಯಲು ನಾಲ್ಕಾರು ಅಕ್ಷರ ಇರುವಾಗ ‘ಟಿಂಗ್’ ಎನ್ನುತ್ತಿತ್ತು. ಆ ಗಂಟೆಗೆ ಬೇರೆ ಅರ್ಥವಿರಲಿಲ್ಲ. ಎಂಟು ಯಂತ್ರಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದರೂ ಪ್ರತಿಯೊಬ್ಬರಿಗೂ ತಮ್ಮ ಗಂಟೆ ಕೇಳಿಸುತ್ತಿತ್ತು.

ಇನ್ನು ಬ್ಯಾಟರಿ ಸತ್ತದ್ದು ಏಕೆ ಎಂಬುದು. ‘ರಾತ್ರಿ ಗೋಡೆಯ ಸ್ವಿಚ್ ಆರಿಸಿ ಹೋಗುತ್ತೀರಾ ಅಕ್ಕ?’ ಎಂದು ಹುಡುಗ ಕೇಳಿದ. ಹೌದು ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಒಮ್ಮೆ ಸಿಡಿಲಿಗೆ ಮೋಡೆಮ್ ಸುಟ್ಟ ಮೇಲೆ ಒಂದು ರಾತ್ರಿಯೂ ತಪ್ಪಿಸಿಲ್ಲ. ಗೋಡೆಯ ಸ್ವಿಚ್ ಹಾಕಿಯೇ ಇದ್ದರೆ, ಕಂಪ್ಯೂಟರ್ ಆರಿಸಿದ್ದರೂ ಗಡಿಯಾರಕ್ಕೆ ಅಲ್ಲಿಂದಲೇ ಕರೆಂಟ್ ಸಿಗುತ್ತದಂತೆ. ಬಿಲ್ಲೆ ಸುಮ್ಮನೆ ಕುಳಿತಿರುತ್ತದೆ. ನಾನು ಪ್ರತಿ ರಾತ್ರಿ ಆರಿಸಿ ಹೋದದ್ದರಿಂದ ರಾತ್ರಿಯೆಲ್ಲ ಅದೇ ದುಡಿಯಬೇಕಾಯಿತು. ಜೋಪಾನ ಮಾಡಿದ್ದಕ್ಕೇ ಬೇಗ ಸತ್ತಿತು.

ಹಗಲಿನಲ್ಲಿ ಕರೆಂಟ್ ಹೋದರೆ ಕಾಯಬೇಕಾದದ್ದು ಯುಪಿಎಸ್. ಅದರ ಕಥೆ ಬೇರೆ. ಒಳಗಿನ 12 ವೋಲ್ಟಿನ ಸೀಸದ ಬ್ಯಾಟರಿಯನ್ನು ಈ ಫೆಬ್ರವರಿಯಲ್ಲಷ್ಟೇ ಬದಲಾಯಿಸಿದ್ದೆ. ಈಗ ನಾಲ್ಕು ನಿಮಿಷ ನಿಲ್ಲುವುದಿಲ್ಲ. ಹುಡುಗ ಬ್ಯಾಟರಿಯ ಮೈಮೇಲಿನ ತಯಾರಿಕೆಯ ತಿಂಗಳನ್ನು ತೋರಿಸಿದ. ನನ್ನ ಕೈಗೆ ಬರುವ ಮೊದಲೇ ಅದು ಎರಡು ವರ್ಷ ಯಾರದೋ ಗೋದಾಮಿನಲ್ಲಿ ಕುಳಿತಿತ್ತು. ಚಾರ್ಜ್ ಇಲ್ಲದೆ ಕುಳಿತ ಸೀಸದ ಬ್ಯಾಟರಿಯ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ. ಹಾಲಿನ ಪ್ಯಾಕೆಟ್ಟಿನ ತಾರೀಖು ನೋಡಿ ಕೊಳ್ಳುವ ನಾನು ಇದರದನ್ನು ನೋಡಿರಲಿಲ್ಲ. ಹಾಸನಾಂಬೆಯ ಗುಡಿಯಲ್ಲಿ ಹಚ್ಚಿದ ದೀಪ ಮುಂದಿನ ವರ್ಷ ಬಾಗಿಲು ತೆರೆಯುವವರೆಗೆ ಆರುವುದಿಲ್ಲ ಎಂದು ನಂಬುವ ಊರಿನಲ್ಲಿ ನನ್ನ ಯುಪಿಎಸ್ ನಾಲ್ಕು ನಿಮಿಷ.

ಇದೇ ಊರಿನ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್ (ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ) ಇದೆ. ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. 1982ರ ಏಪ್ರಿಲ್‌ನಲ್ಲಿ ಹಾರಿಸಿದ ಇನ್ಸಾಟ್-1ಎ ಐದು ತಿಂಗಳೊಳಗೆ ಕೈತಪ್ಪಿತು. ಮರುವರ್ಷದ 1ಬಿ ಉಪಗ್ರಹದ ಸೌರಫಲಕ ಶುರುವಿನಲ್ಲಿ ತೆರೆಯದೆ ಸತಾಯಿಸಿ, ಕೊನೆಗೆ ತೆರೆದುಕೊಂಡು ವರ್ಷಗಟ್ಟಲೆ ದುಡಿಯಿತು. ಅಲ್ಲಿಗೆ ಯಾರೂ ಸ್ಕ್ರೂಡ್ರೈವರ್ ಹಿಡಿದು ಹೋಗುವಂತಿಲ್ಲ. ಅದಕ್ಕೇ ಮುಖ್ಯ ಭಾಗಗಳನ್ನು ಎರಡೆರಡು ಇಟ್ಟು ಕಳಿಸುತ್ತಾರೆ. ಕೆಳಗೆ ಬರುವ ಅಂಕಿಗಳನ್ನು ಓದುವುದಕ್ಕೆಂದೇ ಜನ ಕುಳಿತಿರುತ್ತಾರೆ. ನನ್ನಲ್ಲಿ ಎಲ್ಲವೂ ಒಂದೊಂದೇ, ಓದುವವರು ಸೊನ್ನೆ.

ಹುಡುಗ ಹೊಸ ಬಿಲ್ಲೆ ಹಾಕಿ ತಾರೀಖು ಸರಿಪಡಿಸಿದ. ‘ಎರಡು ಕೊಡಪ್ಪ’ ಎಂದೆ. ಬಿಲ್ಲೆಗೆ ನಲವತ್ತು ರೂಪಾಯಿ. ಜಾತ್ರೆಯ ಜನದಲ್ಲಿ ನಡೆದು ಬಂದದ್ದಕ್ಕೆ ಬೇರೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ, ಕಾಫಿ ಕುಡಿದು ಹೋದ. ಗೌಡರಿಗೆ ಪಹಣಿ ಬಂತು. ಅವರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಮೊದಲಿನಿಂದ ಕೊನೆಯವರೆಗೆ ಓದಿದರು, ಸರ್ವೆ ನಂಬರನ್ನು ಎರಡು ಸಲ.

ಸಂಜೆ ಇಂಟರ್‌ನೆಟ್ ಹುಡುಗನಿಗೆ ಫೋನ್ ಮಾಡಿದೆ. ತಪ್ಪು ನನ್ನ ಕಂಪ್ಯೂಟರಿನದು, ಬೆಳಿಗ್ಗೆ ಸುಮ್ಮನೆ ಬೈದೆ, ಬೇಜಾರು ಮಾಡಿಕೊಳ್ಳಬೇಡ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಬಿಡಿ ಅಕ್ಕ. ನಿಜ ಹೇಳಬೇಕೆಂದರೆ ಬೆಳಿಗ್ಗೆ ಅರ್ಧ ಗಂಟೆ ನಮ್ಮ ಕಡೆಯೂ ಲೈನ್ ಇರಲಿಲ್ಲ.’

ಅಲ್ಲಿಗೆ ಮೊದಲು ತಿರುಗಿದ ಚಕ್ರ ಅವನದು, ಆಮೇಲೆ ಬಂದ ತ್ರಿಕೋನ ನನ್ನದು. ಮೊದಲನೆಯ ಫೋನಿನಲ್ಲಿ ನಾನು ಸಭ್ಯಳಾಗಿದ್ದೆ, ಬೈದದ್ದು ಎರಡನೆಯದರಲ್ಲಿ.

ಎಂಟೂವರೆಗೆ ಬಾಗಿಲು ಹಾಕುವಾಗ ಮಹಾರಾಜ ಪಾರ್ಕಿನ ಕಡೆಯಿಂದ ಮಿಂಚಿತು. ಗೋಡೆಯ ಸ್ವಿಚ್ಚಿನ ಮೇಲೆ ಕೈಯಿಟ್ಟು, ಮಿಂಚಿನಿಂದ ಗುಡುಗಿನವರೆಗೆ ಎಣಿಸಿದೆ. ಆರು. ಆರಿಸಿದೆ. ಇನ್ನೊಂದು ಬಿಲ್ಲೆ ಗಲ್ಲಾದ ಡ್ರಾಯರಿನಲ್ಲಿದೆ, ಸ್ಟಾಂಪ್ ಪ್ಯಾಡಿನ ಪಕ್ಕ.