ಹನ್ನೆರಡು ಹುಳು

ಪಕ್ಕದ ಮನೆಯ ಅಜ್ಜ ಅಂಗೈ ಮೇಲೆ ಹುಳು ಎಣಿಸಿದ್ದು ನಾಲ್ಕು ದಿನವಾದರೂ ಕಣ್ಣ ಮುಂದಿನಿಂದ ಹೋಗಿಲ್ಲ. ಕೆಂಪು ಬಣ್ಣ ಹಾಕಿದ ನೊಣದ ಮರಿಹುಳುಗಳು. ಒಂದು, ಎರಡು, ಮೂರು ಅಂತ ಬೆರಳಲ್ಲಿ ಸರಿಸುತ್ತಾ ಹನ್ನೆರಡಕ್ಕೆ ನಿಲ್ಲಿಸಿದರು. ಎರಡನ್ನು ಗಾಳಕ್ಕೆ ಸಿಕ್ಕಿಸಿದರು. ಉಳಿದ ಹತ್ತನ್ನು ನೀರಲ್ಲಿ ಕರಗುವ ಪುಟ್ಟ ಬಲೆಚೀಲಕ್ಕೆ ತುಂಬಿ, ಅದನ್ನೂ ಗಾಳಕ್ಕೇ ಸಿಕ್ಕಿಸಿ ಕೆರೆಗೆ ಎಸೆದರು.

ಅಷ್ಟು ಹೊತ್ತಿಗೆ ನಾನು ಮೀನಿಗೆ ಹಾಕುವ ಬಾಯ್ಲಿ ಉಂಡೆಗಳ ಒಂದು ಕಿಲೋ ಚೀಲದಲ್ಲಿ ಅರ್ಧ ಖಾಲಿ ಮಾಡಿದ್ದೆ. ಇನ್ನೊಂದು ಹಿಡಿ ಎಸೆಯಲು ಕೈ ಎತ್ತಿದಾಗ ಅಜ್ಜ ನನ್ನ ಮಣಿಕಟ್ಟು ಹಿಡಿದರು. "ಅವು ಎಷ್ಟು ತಿನ್ನುತ್ತವೆ ಅಂದ್ಕೊಂಡಿದ್ದೀಯ?" ಅಂತ ಕೇಳಿದರು, ಅಷ್ಟೇ. ಬೈಯಲಿಲ್ಲ, ನಗಲೂ ಇಲ್ಲ.

ಇಂಗ್ಲೆಂಡಿನ ರೆಡಿಂಗ್ ಊರಿನ ಹೊರಗೆ ಜಲ್ಲಿ ತೆಗೆದ ಗುಂಡಿಗಳೆಲ್ಲ ಈಗ ಕೆರೆಗಳಾಗಿವೆ. ಜನವರಿ ಬೆಳಿಗ್ಗೆ, ಹುಲ್ಲಿನ ಮೇಲೆ ಬಿಳಿ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಅಜ್ಜ ದಾರಕ್ಕೆ ಕಟ್ಟಿ ಇಳಿಬಿಟ್ಟ ಥರ್ಮಾಮೀಟರ್ 5 ಡಿಗ್ರಿ ತೋರಿಸಿತು. ಇಲ್ಲಿ ಕಾರ್ಪ್ ಅನ್ನುವ ಮೀನು ನಮ್ಮ ಗೆಂಡೆಯೇ. ಚಿಕ್ಕವನಿದ್ದಾಗ ಸೂಳೆಕೆರೆ ದಂಡೆಯಲ್ಲಿ ರಾಗಿಹಿಟ್ಟು, ಶೇಂಗಾ ಹಿಂಡಿ ಕಲಸಿ ಉಂಡೆ ಮಾಡಿ ಎಸೆಯುತ್ತಿದ್ದೆವು, ಜಾಸ್ತಿ ಎಸೆದರೆ ಜಾಸ್ತಿ ಮೀನು ಅನ್ನುವುದು ಅಲ್ಲಿಂದಲೇ ತಲೆಯಲ್ಲಿ ಕೂತುಬಿಟ್ಟಿದೆ. ಬಾಯ್ಲಿ ಅಂದರೂ ಅದೇ ತರದ ಉಂಡೆ, ಮೀನಿನ ಪುಡಿಗೆ ಮೊಟ್ಟೆ ಹಾಕಿ ಕಲಸಿ ಬೇಯಿಸಿದ್ದು. ಅಂಗಡಿಯವನು ಯಾವ ಕೆರೆ, ನೀರು ಎಷ್ಟು ತಣ್ಣಗಿದೆ ಅಂತ ಒಂದು ಮಾತೂ ಕೇಳದೆ ದೊಡ್ಡ ಚೀಲ ಕೈಗಿಟ್ಟಿದ್ದ. ಗೊತ್ತಿದ್ದೂ ಹೀಗೆ ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಗೆಂಡೆಗೆ ನಮ್ಮ ಹಾಗೆ ಹೊಟ್ಟೆಯ ಚೀಲವೇ ಇಲ್ಲ. ಗಂಟಲಲ್ಲಿರುವ ಹಲ್ಲಿನಿಂದ ಅರೆದದ್ದು ನೇರ ಕರುಳಿಗೆ ಹೋಗುತ್ತದೆ. ಮೈ ಬಿಸಿಯೂ ನೀರಿನಷ್ಟೇ. ನೀರು ತಣ್ಣಗಾದರೆ ಕರುಳಿನ ಕೆಲಸವೂ ನಿಧಾನ, ಹಸಿವೂ ಕಡಿಮೆ. ಬೇಸಿಗೆಯಲ್ಲಿ ಬಾಚಿ ತಿನ್ನುವ ಮೀನೇ ಈಗ ದಿನಕ್ಕೆ ಒಂದು ಸಲ, ಅದೂ ಸ್ವಲ್ಪ ಹೊತ್ತು, ಬಾಯಿ ಹಾಕಿದರೆ ಹೆಚ್ಚು. ಪೆಲೆಟ್ ಅನ್ನುವ, ಎಣ್ಣೆ ಜಾಸ್ತಿ ಇರುವ ಗುಳಿಗೆ ತಿಂಡಿ ಈಗ ಅದಕ್ಕೆ ಭಾರ. ಹುಳು, ಒಂದೆರಡು ಜೋಳದ ಕಾಳು, ಚೂರು ಬ್ರೆಡ್ಡು, ಇಷ್ಟೇ ಸಾಕು. ಆದರೆ ಅದು ಮೀನಿನ ಮೂತಿಯ ಹತ್ತಿರವೇ ಬೀಳಬೇಕು, ಅದಕ್ಕಾಗಿ ಅದು ಈಜಿಕೊಂಡು ಬರಲ್ಲ.

ಅದಕ್ಕೇ ಅಜ್ಜ ಮೊದಲ ಒಂದೂವರೆ ಗಂಟೆ ಗಾಳ ಮುಟ್ಟಲೇ ಇಲ್ಲ. ಸುಮ್ನೆ ಸುತ್ತಿದರು. ಉತ್ತರದ ದಡದ ಜೊಂಡಿನ ಹತ್ತಿರ ನಿಂತರು. ಅಲ್ಲಿ ಬಡಗಾಳಿ ತಾಗುವುದಿಲ್ಲ, ತಗ್ಗಿನಲ್ಲೇ ಹೋಗುವ ಚಳಿಗಾಲದ ಸೂರ್ಯನ ಬಿಸಿಲು ಅಷ್ಟಿಷ್ಟು ಬೀಳುತ್ತದೆ.

ಮೂರು ಗಂಟೆ ಹೊತ್ತಿಗೆ, ಮೀನು ದಾರ ಎಳೆದರೆ ಕೂಗುವ ಅಲಾರಂ ಒಂದೇ ಸಲ ಕೂಗಿತು. ದಾರ ಒಂದು ಇಂಚು ಮೇಲೆ ಬಂದು ನಿಂತಿತು. ಅಷ್ಟೇ. ನಾನಾಗಿದ್ದರೆ ಗಾಳಿ ಅಂದುಕೊಂಡು ಬಿಡುತ್ತಿದ್ದೆ.

12 ಪೌಂಡಿನ ಮೀನು, ಸುಮಾರು ಐದೂವರೆ ಕಿಲೋ. ನೀರು ಸುರಿದ ಚಾಪೆಯ ಮೇಲೆ ಮಲಗಿಸಿದರು. ಹಿತ್ತಾಳೆ ಬಣ್ಣದ ದೊಡ್ಡ ಹುರುಪೆಗಳು, ಬಾಯಿಯ ಪಕ್ಕ ನಾಲ್ಕು ಮೀಸೆ. ಹೊಟ್ಟೆಯ ಬದಿಗೆ ಸಣ್ಣ ಜಿಗಣೆಗಳು ಅಂಟಿದ್ದವು. ಎಷ್ಟೋ ದಿನ ತಳದ ಕೆಸರಲ್ಲಿ ಅಲ್ಲಾಡದೆ ಬಿದ್ದಿರುವ ಮೀನಿನ ಗುರುತು ಅದು. ಕೈ ಒದ್ದೆ ಮಾಡಿಕೊಂಡು ಮುಟ್ಟಿದೆ. ಅಷ್ಟು ತಣ್ಣಗಿನ ಜೀವವನ್ನು ನಾನು ಯಾವತ್ತೂ ಮುಟ್ಟಿರಲಿಲ್ಲ. ಗಾಳಿ ಕೊರೆಯುತ್ತಿತ್ತು, ಅಜ್ಜ ಫೋಟೋ ಬೇಡ ಅಂದರು, ತಕ್ಷಣ ನೀರಿಗೆ ಬಿಟ್ಟರು.

ಅವು ಎಷ್ಟು ತಿನ್ನುತ್ತವೆ ಅಂದ್ಕೊಂಡಿದ್ದೀಯ? ಕಾರಿನಲ್ಲಿ ಬರುವಾಗಲೂ ಅದೇ ಕಿವಿಯಲ್ಲಿ. ಅಮ್ಮ ನವೆಂಬರಿನಿಂದ ನಮ್ಮ ಜೊತೆ ಇದ್ದಾಳೆ. ಅವಳಿಗೆ ಇದು ಇಲ್ಲಿಯ ಮೊದಲ ಚಳಿಗಾಲ. ನಾಲ್ಕು ಗಂಟೆಗೇ ಕತ್ತಲಾಗುತ್ತೆ, ಹೊರಗೆ ಹೋಗಲ್ಲ, ಊಟ ಸೇರಲ್ಲ. ನಾನು ದಿನಾ ಒಂದೊಂದು ಮಾಡಿದೆ. ಮೆಣಸಿನಕಾಯಿ ಬಜ್ಜಿ, ಹೋಳಿಗೆ, ರೊಟ್ಟಿ, ಎಣ್ಣೆಗಾಯಿ. ತಟ್ಟೆ ತುಂಬಾ ಬಡಿಸಿ ಎದುರಿಗೆ ಕೂತು ತಿನ್ನು ತಿನ್ನು ಅನ್ನುತ್ತಿದ್ದೆ. ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಿದ್ದೆ. ನಮ್ಮಲ್ಲಿ ಬಲವಂತ ಮಾಡುವುದೇ ಪ್ರೀತಿ ಅಲ್ವಾ. ಬೇಡ ಅಂದಿದ್ದು ನಿಜವಾಗಿಯೂ ಬೇಡ ಅಂತ ಇರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಅವತ್ತು ರಾತ್ರಿ ಅವಳ ಕುರ್ಚಿಯನ್ನು ಹೀಟರ್ ಪಕ್ಕಕ್ಕೆ ಎಳೆದೆ. ಚಿಕ್ಕ ಬಟ್ಟಲಲ್ಲಿ ಎರಡು ಚಮಚ ಅನ್ನ, ಬಿಸಿ ಸಾರು, ಅಷ್ಟೇ ಕೊಟ್ಟೆ. ಏನೂ ಅನ್ನಲಿಲ್ಲ. ಮೀನಿನ ಕಥೆ ಹೇಳಿದೆ. ತಿನ್ನುತ್ತಲೇ ಕೇಳಿಸಿಕೊಂಡಳು, ಜಿಗಣೆ ವಿಷಯ ಬಂದಾಗ ಮುಖ ಸಣ್ಣ ಮಾಡಿದಳು.

"ಬಿಟ್ಟಾಗ ಬೇಗ ಹೋಯ್ತಾ, ನಿಧಾನಕ್ಕೆ ಹೋಯ್ತಾ?" ಅಂತ ಕೇಳಿದಳು.

ನಿಧಾನಕ್ಕೆ ಹೋಯಿತು ಅಂದೆ. ಅಜ್ಜನ ಕೈಯೊಳಗೇ ಸ್ವಲ್ಪ ಹೊತ್ತು ನಿಂತಿತ್ತು, ಆಮೇಲೆ ಬಾಲ ಒಂದು ಸಲ ಆಡಿಸಿ ಜೊಂಡಿನ ಕಡೆಗೆ ಹೋಯಿತು.